ಮೊದಲ ಗಿಟಾರ್ ಆರಿಸುವುದು ಹೇಗೆ: ಮೂರು ಎಟಿಎಂ ಕಾರ್ಡ್, ಒಂದು ಸ್ಕೇಲು, ಅರ್ಧ ಗಂಟೆ

ಹಾಸನದಲ್ಲಿ ವಾರಕ್ಕೆ ಮೂರು ಸಂಜೆ ಗಿಟಾರ್ ಹೇಳಿಕೊಡುತ್ತೇನೆ. ಜೂನ್ ಬಂತೆಂದರೆ ಹೊಸ ಮಕ್ಕಳು, ಹೊಸ ಗಿಟಾರ್. ಮೂರು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಮುಖ ಸಪ್ಪೆ ಮಾಡಿಕೊಂಡು ಬರುತ್ತಾರೆ. "ಸರ್, ನನ್ನ ಬೆರಳಲ್ಲಿ ಶಕ್ತಿ ಇಲ್ಲ, ಇದು ನನಗೆ ಆಗಲ್ಲ" ಅನ್ನುತ್ತಾರೆ. ಅವರ ಗಿಟಾರ್ ಇಸಿದುಕೊಂಡು ನುಡಿಸಿದರೆ ನನ್ನ ಬೆರಳಿಗೂ ನೋವಾಗುತ್ತದೆ. ಅಳೆದು ನೋಡಿದರೆ ತಂತಿಗಳು ಇರಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಮೇಲಿರುತ್ತವೆ. ಆ ಮಗುವಿನ ಬೆರಳಿನದು ಏನೂ ತಪ್ಪಿರುವುದಿಲ್ಲ.

ಗಿಟಾರ್ ಕೊಳ್ಳುವಾಗ ಎಲ್ಲರ ಕಣ್ಣು ಮೊದಲು ಬಣ್ಣದ ಮೇಲೆ, ಆಮೇಲೆ ಹೆಸರಿನ ಮೇಲೆ, ಆಮೇಲೆ ಜೊತೆಗೆ ಕೊಡುವ ಬ್ಯಾಗು, ಬೆಲ್ಟಿನ ಮೇಲೆ ಹೋಗುತ್ತದೆ. ತಂತಿಯ ಎತ್ತರವನ್ನು ಯಾರೂ ನೋಡುವುದಿಲ್ಲ. ಕಲಿಯುವವರು ಉಳಿಯುವುದೂ ಬಿಡುವುದೂ ಜಾಸ್ತಿ ನಿಂತಿರುವುದು ಅದರ ಮೇಲೆಯೇ. ಅದಕ್ಕೇ ಈ ಬರಹ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದೆ ಮುಂದೆ ಮಾಡಬೇಡಿ.

ಮೊದಲು ಈ ಸಾಮಾನು ಜೇಬಿನಲ್ಲಿರಲಿ

ಉಬ್ಬಿದ ಅಕ್ಷರಗಳಿಲ್ಲದ ಮೂರು ಎಟಿಎಂ ಕಾರ್ಡ್, ಮನೆಯವರದ್ದು ಇನ್ನೊಂದೆರಡು ಸಿಕ್ಕರೆ ಅವೂ ಇರಲಿ. ಮಿಲಿಮೀಟರ್ ಗೆರೆ ಇರುವ ಒಂದು ಶಾಲಾ ಸ್ಕೇಲು. ಒಂದು ವಿಸಿಟಿಂಗ್ ಕಾರ್ಡ್. ಒಂದು ಹಾಳೆ. ಮೊಬೈಲಿನಲ್ಲಿ ಯಾವುದಾದರೂ ಉಚಿತ ಗಿಟಾರ್ ಟ್ಯೂನರ್ ಆ್ಯಪ್. ಅದನ್ನು ಮನೆಯಲ್ಲೇ ಹಾಕಿಕೊಂಡು ಒಂದು ಸಲ ತೆರೆದು ನೋಡಿ. ಅಂಗಡಿಯಲ್ಲಿ ನಿಂತು ಡೌನ್‌ಲೋಡ್ ಮಾಡುತ್ತಾ ಕೂತರೆ ಗಮನವೆಲ್ಲ ಅಲ್ಲೇ ಹೋಗುತ್ತದೆ.

ಎಟಿಎಂ ಕಾರ್ಡ್ ಯಾಕೆ ಅಂದರೆ, ಅದರ ದಪ್ಪ ಎಲ್ಲ ಬ್ಯಾಂಕಿನದೂ ಒಂದೇ: 0.76 ಮಿಲಿಮೀಟರ್. ಮೂರು ಸೇರಿದರೆ ಸುಮಾರು 2.3. ಗಿಟಾರಿನ ದಪ್ಪ ತಂತಿ ಇರಬೇಕಾದ ಎತ್ತರಕ್ಕೆ ಇದು ಹತ್ತಿರದ ಅಳತೆ.

ಹಂತ 1: ನುಡಿಸುವವರು ಯಾರು ಅಂತ ಮೊದಲು ತೀರ್ಮಾನಿಸಿ

ಎರಡು ಬಗೆಯ ಗಿಟಾರ್ ನಿಮ್ಮ ಮುಂದೆ ಬರುತ್ತವೆ. ಒಂದಕ್ಕೆ ಉಕ್ಕಿನ ತಂತಿ, ಇನ್ನೊಂದಕ್ಕೆ ನೈಲಾನ್ ತಂತಿ. ಉಕ್ಕಿನದು ಜೋರಾಗಿ, ಗಣಗಣ ಅಂತ ಕೇಳಿಸುತ್ತದೆ. ಸಿನಿಮಾ ಹಾಡು, ಭಾವಗೀತೆಗೆ ತಾಳ ಹಿಡಿದು ಮೀಟುವವರಿಗೆ ಅದೇ ಇಷ್ಟವಾಗುತ್ತದೆ. ನೈಲಾನ್ ಮೆತ್ತಗೆ, ಬೆರಳಿಗೆ ಹಿತ. ಆದರೆ ಅದರ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ, ಅಗಲ. ತಲೆಯ ಹತ್ತಿರ ಸುಮಾರು 52 ಮಿಲಿಮೀಟರ್ ಇರುತ್ತದೆ. ಉಕ್ಕಿನದರಲ್ಲಿ ಸುಮಾರು 43.

ಹತ್ತು ವರ್ಷದೊಳಗಿನ ಮಕ್ಕಳಿಗೆ ನೈಲಾನ್ ತಂತಿಯ ಚಿಕ್ಕ ಗಿಟಾರೇ ಸರಿ. ಐದರಿಂದ ಎಂಟು ವರ್ಷದವರಿಗೆ 34 ಇಂಚಿನದು, ಎಂಟರಿಂದ ಹನ್ನೊಂದರವರಿಗೆ 36 ಇಂಚಿನದು. ಅದಕ್ಕೂ ದೊಡ್ಡವರಿಗೆ ಪೂರ್ತಿ ಅಳತೆಯದು. "ಬೆಳೆಯೋ ಮಗು ಅಲ್ವಾ, ದೊಡ್ಡದೇ ತಗೊಳ್ಳೋಣ" ಅಂತ ಅಪ್ಪ ಅಮ್ಮ ಹೇಳುವುದನ್ನು ತುಂಬಾ ಸಲ ಕೇಳಿದ್ದೇನೆ. ಚಪ್ಪಲಿಗೆ ಆ ಲೆಕ್ಕ ನಡೆಯಬಹುದು, ಗಿಟಾರಿಗೆ ನಡೆಯುವುದಿಲ್ಲ. ಎಂಟು ವರ್ಷದ ಮಗು 41 ಇಂಚಿನ ಗಿಟಾರ್ ಹಿಡಿದರೆ ಭುಜ ಕಿವಿಯ ತನಕ ಏರುತ್ತದೆ. ಬಲಗೈ ತಂತಿಗೆ ತಲುಪುವುದೇ ಕಷ್ಟ. ಎರಡು ತಿಂಗಳಲ್ಲಿ ಆ ಗಿಟಾರ್ ಬೀರುವಿನ ಮೇಲೆ ಸೇರುತ್ತದೆ.

ಕೂರಿಸಿ ಪರೀಕ್ಷಿಸಿ. ಬಲಗೈಯನ್ನು ಪೆಟ್ಟಿಗೆಯ ಮೇಲೆ ಹಾಕಿದಾಗ ಭುಜ ಸಡಿಲವಾಗಿರಬೇಕು. ಎಡಗೈ ಮೊದಲ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ, ತಲೆಯ ಕಡೆಯಿಂದ ಎಣಿಕೆ) ಮುಟ್ಟಿದಾಗ ಮೊಣಕೈ ಪೂರ್ತಿ ನೆಟ್ಟಗಾಗಬಾರದು. ಇಷ್ಟು ಸರಿ ಇದ್ದರೆ ಅಳತೆ ಸರಿ.

ಒಂದು ಎಚ್ಚರಿಕೆ. "ನೈಲಾನ್ ಗಿಟಾರ್ ತಗೊಂಡು ಆಮೇಲೆ ಉಕ್ಕಿನ ತಂತಿ ಹಾಕ್ಕೊಳ್ತೀನಿ" ಅನ್ನಬೇಡಿ. ಉಕ್ಕಿನ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಎಳೆಯುತ್ತವೆ. ನೈಲಾನಿನವು ಸುಮಾರು 40 ಕಿಲೋ. ಆ ಹೆಚ್ಚಿನ ಎಳೆತಕ್ಕೆ ಬ್ರಿಡ್ಜ್, ಅಂದರೆ ಪೆಟ್ಟಿಗೆಯ ಮೇಲೆ ತಂತಿ ಸಿಕ್ಕಿಸುವ ಮರದ ತುಂಡು, ಕಿತ್ತು ಬರಬಹುದು.

ಎಡಗೈ ಮಕ್ಕಳ ಬಗ್ಗೆ ಕೇಳುತ್ತಾರೆ. ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಬಲಗೈಯವರ ಗಿಟಾರ್. ಮೊದಲು ಅದನ್ನೇ ಯಾರದ್ದಾದರೂ ಇಸಿದುಕೊಂಡು ಒಂದು ವಾರ ಹಿಡಿಸಿ ನೋಡಿ. ಒಗ್ಗದಿದ್ದರೆ ಎಡಗೈಯದನ್ನೇ ತರಿಸಿ. ಬಲವಂತ ಮಾಡಬೇಡಿ.

ಹಂತ 2: ದುಡ್ಡನ್ನು ಎರಡು ಭಾಗ ಮಾಡಿ

ಕೈಯಲ್ಲಿ 8 ಸಾವಿರ ಇದ್ದರೆ 8 ಸಾವಿರದ ಗಿಟಾರ್ ನೋಡಬೇಡಿ. ಆರು, ಆರೂವರೆ ಸಾವಿರದ್ದು ನೋಡಿ. ಉಳಿದದ್ದು ಸೆಟಪ್ (ತಂತಿಯ ಎತ್ತರ, ನೆಕ್, ನಟ್ ಸರಿಪಡಿಸುವ ಕೆಲಸ) ಮಾಡಿಸಲು, ಒಂದು ಜೊತೆ ಒಳ್ಳೆಯ ತಂತಿಗೆ, ಸ್ಪಂಜ್ ಇರುವ ದಪ್ಪ ಬ್ಯಾಗಿಗೆ. ಸರಿಯಾಗಿ ಸೆಟಪ್ ಮಾಡಿದ 6 ಸಾವಿರದ ಗಿಟಾರ್, ಪೆಟ್ಟಿಗೆಯಿಂದ ತೆಗೆದ ಹಾಗೇ ನುಡಿಸುವ 10 ಸಾವಿರದ್ದಕ್ಕಿಂತ ಕಲಿಯುವವರ ಕೈಗೆ ಒಳ್ಳೆಯದು.

ಒಳಗೆ ಪಿಕಪ್ (ನಾದವನ್ನು ಸ್ಪೀಕರಿಗೆ ಕಳಿಸುವ ಸಾಧನ) ಹಾಕಿ ವೈರ್ ಚುಚ್ಚುವ ಜಾಗ ಕೊಟ್ಟ 'ಸೆಮಿ ಅಕೌಸ್ಟಿಕ್' ಈಗ ಬೇಡ. ವೇದಿಕೆ ಹತ್ತುವ ತನಕ ಅದರ ಉಪಯೋಗವಿಲ್ಲ, ಆ ದುಡ್ಡು ಮರದಿಂದಲೇ ಕಡಿತವಾಗಿರುತ್ತದೆ. ಬೆಲ್ಟು, ಹತ್ತು ಪಿಕ್, ಪುಸ್ತಕ, ಒಂದು ಜೊತೆ ತಂತಿ ಎಲ್ಲ ಸೇರಿಸಿ ಕೊಡುವ ಕಟ್ಟಿಗೂ ಮರುಳಾಗಬೇಡಿ.

ಮೇಲ್ಹಲಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಂಗಡಿಯವರು "ಇದು ಸಾಲಿಡ್ ಟಾಪ್" ಎಂದು ಜಾಸ್ತಿ ಬೆಲೆ ಹೇಳುತ್ತಾರೆ. ಒಂದೇ ಮರದ ಸೀಳಿನಿಂದ ಮಾಡಿದ ಹಲಗೆ ಅಂತ ಅರ್ಥ. ನಾದ ಚೆನ್ನಾಗಿರುತ್ತದೆ, ನಿಜ. ಆದರೆ ತೇವಕ್ಕೆ ಅದು ಬೇಗ ಉಬ್ಬುತ್ತದೆ, ಒಣ ಹವೆಗೆ ಬೇಗ ಬಿರಿಯುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ಬೇಕಾದರೆ ಯೋಚಿಸಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವರಿಗೆ ಮೊದಲ ಗಿಟಾರಿಗೆ ಪದರ ಪದರ ಅಂಟಿಸಿದ ಹಲಗೆಯೇ ವಾಸಿ. ಅದು ಮಳೆಗೆ ಅಷ್ಟು ಬೇಗ ಆಕಾರ ಕೆಡಿಸಿಕೊಳ್ಳುವುದಿಲ್ಲ. ಯಾವುದು ಯಾವುದು ಅಂತ ಗುರುತಿಸಲು ಮಧ್ಯದ ರಂಧ್ರದ ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಗಿಳಿದಿದ್ದರೆ ಒಂದೇ ಹಲಗೆ. ಬಿಸ್ಕತ್ತಿನ ಹಾಗೆ ಪದರ ಕಂಡರೆ ಪ್ಲೈ.

ಹಂತ 3: ಎಲ್ಲಿ ಕೊಳ್ಳುವುದು

ಕೈಯಲ್ಲಿ ಹಿಡಿದು ನೋಡಲು ಬಿಡುವ ಜಾಗದಲ್ಲಿ ಕೊಳ್ಳಿ. ನನ್ನ ಸಲಹೆ ಇಷ್ಟೇ. ಊರಲ್ಲಿ ಎರಡು ಮೂರು ಗಿಟಾರ್ ಮಾತ್ರ ಇದ್ದರೆ, ಮೈಸೂರಿಗೋ ಬೆಂಗಳೂರಿಗೋ ಒಂದು ದಿನ ಹೋಗಿ ಬನ್ನಿ. ಹಾಸನದಿಂದ ಬೆಂಗಳೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಬರುವಾಗ ಗಿಟಾರನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ. ತೊಡೆಯ ಮೇಲೆ ಅಥವಾ ಕಾಲಿನ ನಡುವೆ ನೆಟ್ಟಗೆ ಇಟ್ಟುಕೊಳ್ಳಿ. ಕಾರಾದರೆ ಬಿಸಿಲಲ್ಲಿ ಗಾಜು ಮುಚ್ಚಿ ಅದನ್ನು ಒಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಒಳಗಿನ ಶಾಖಕ್ಕೆ ಅಂಟು ಸಡಿಲವಾಗುತ್ತದೆ.

ಹೆಸರುಗಳ ವಿಷಯಕ್ಕೆ ಬಂದರೆ, ಯಮಹಾ ಎಫ್310 (ಉಕ್ಕಿನ ತಂತಿ) ಮತ್ತು ಸಿ40 (ನೈಲಾನ್) ಬಹಳ ವರ್ಷದಿಂದ ಕಲಿಯುವವರ ಕೈಯಲ್ಲಿವೆ. ಎಫ್310ರ ತಂತಿಯ ಉದ್ದ 634 ಮಿಲಿಮೀಟರ್. ಸಾಮಾನ್ಯವಾಗಿ ಇರುವ 650ರ ಆಸುಪಾಸಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಫ್ರೆಟ್‌ಗಳು ಒಂದಿಷ್ಟು ಹತ್ತಿರ ಬರುತ್ತವೆ, ಚಿಕ್ಕ ಕೈಗೆ ಅನುಕೂಲ. ಆದರೆ ಯಾವ ಕಂಪನಿಯದೇ ಆಗಲಿ, ಒಂದೇ ಮಾದರಿಯ ಎರಡು ಗಿಟಾರ್ ಪಕ್ಕದಲ್ಲಿಟ್ಟು ಅಳೆಯಿರಿ. ಎರಡೂ ಒಂದೇ ಥರ ಇರುವುದಿಲ್ಲ. ಹೆಸರು ಕೊಳ್ಳಬೇಡಿ, ಆ ಒಂದು ಗಿಟಾರ್ ಕೊಳ್ಳಿ.

ಆನ್‌ಲೈನಿನಲ್ಲೇ ತರಿಸಬೇಕಾದರೆ ಎಷ್ಟು ದಿನದೊಳಗೆ ವಾಪಸ್ ಮಾಡಬಹುದು ಅಂತ ಮೊದಲು ನೋಡಿ. ಪೆಟ್ಟಿಗೆ ಒಡೆಯುವುದನ್ನು ವಿಡಿಯೊ ಮಾಡಿ. ಮುಂದಿನ ಹಂತದ ಪರೀಕ್ಷೆಯನ್ನು ಅವತ್ತೇ ಮುಗಿಸಿ. "ಹಬ್ಬ ಕಳೀಲಿ, ಪೂಜೆ ಮಾಡಿ ತೆಗೆಯೋಣ" ಅಂತ ಕಟ್ಟಿಟ್ಟು, ತೆಗೆದಾಗ ನೆಕ್ ಬಾಗಿದ್ದನ್ನು ಕಂಡವರು ನನ್ನ ತರಗತಿಯಲ್ಲೇ ಇದ್ದಾರೆ. ಅಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿದಿತ್ತು.

ಹಂತ 4: ಕೈಗೆ ಬಂದ ಗಿಟಾರಿನ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಅರ್ಧ ಗಂಟೆ ಬೇಕು. ಅಂಗಡಿಯಲ್ಲಿ ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ. "ಅಣ್ಣ, ಸ್ವಲ್ಪ ಹೊತ್ತು ಕೂತು ನೋಡ್ತೀನಿ, ಪರವಾಗಿಲ್ವಾ?" ಅಂತ ಮೊದಲೇ ಕೇಳಿಬಿಡಿ. ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ.

*ಮೊದಲು ಶ್ರುತಿ ಮಾಡಿ.* ಇದನ್ನು ಬಿಟ್ಟು ಅಳತೆಗೆ ಹೋಗಬೇಡಿ. ಅಂಗಡಿಯಲ್ಲಿ ತೂಗು ಹಾಕಿದ ಗಿಟಾರಿನ ತಂತಿ ಸಡಿಲವಾಗಿರಬಹುದು. ಸಡಿಲ ತಂತಿ ನೆಕ್ ಅನ್ನು ಸರಿಯಾಗಿ ಎಳೆಯುವುದಿಲ್ಲ, ಹಾಗಾಗಿ ಎತ್ತರ ಕಡಿಮೆ ಕಾಣುತ್ತದೆ. ಮನೆಗೆ ತಂದು ಶ್ರುತಿ ಮಾಡಿದ ಮೇಲೆ ಏರುತ್ತದೆ. ದಪ್ಪ ತಂತಿಯಿಂದ ಸಣ್ಣ ತಂತಿಗೆ ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ. ಆ್ಯಪ್ ಹರ್ಟ್ಜ್ ತೋರಿಸಿದರೆ ಸುಮಾರು 82, 110, 147, 196, 247, 330. ಗೊತ್ತಿಲ್ಲದಿದ್ದರೆ ಅಂಗಡಿಯವರ ಕೈಲೇ ಮಾಡಿಸಿ, ಆ್ಯಪ್ ಎದುರಿಗಿಟ್ಟು.

*ಎರಡನೆಯದು, ತಂತಿಯ ಎತ್ತರ.* 12ನೇ ಫ್ರೆಟ್‌ಗೆ ಬನ್ನಿ. ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕಿ ಇರುತ್ತವೆ. ಆ ಲೋಹದ ಪಟ್ಟಿಯ ಮೇಲ್ಭಾಗಕ್ಕೂ ದಪ್ಪ ತಂತಿಯ ತಳಕ್ಕೂ ನಡುವಿನ ಸಂದಿಯಲ್ಲಿ ಮೂರು ಎಟಿಎಂ ಕಾರ್ಡ್ ಜೋಡಿಸಿ ತೂರಿಸಿ. ತಂತಿಯನ್ನು ಎತ್ತದೆ, ಮೆಲ್ಲಗೆ ಉಜ್ಜಿಕೊಂಡು ಹೋದರೆ ಬಹಳ ಒಳ್ಳೆಯದು. ಮೂರು ಸಡಿಲವಾಗಿ ಹೋಗಿ ನಾಲ್ಕನೆಯದು ಬಿಗಿಯಾದರೆ ಸೆಟಪ್‌ನಲ್ಲಿ ಸರಿಹೋಗುತ್ತದೆ. ನಾಲ್ಕು ಕಾರ್ಡೂ ಸಡಿಲವಾಗಿ ಓಡಾಡಿದರೆ ಕೆಳಗಿಟ್ಟು ಇನ್ನೊಂದು ಗಿಟಾರ್ ಕೇಳಿ. ಸಣ್ಣ ತಂತಿಯ ಕೆಳಗೆ ಎರಡು ಕಾರ್ಡ್ ಸಾಕು. ನೈಲಾನ್ ತಂತಿ ಅಗಲವಾಗಿ ಅದುರುತ್ತದೆ, ಅದಕ್ಕೆ ಜಾಗ ಜಾಸ್ತಿ ಬೇಕು. ಅದರ ದಪ್ಪ ತಂತಿಗೆ ನಾಲ್ಕರಿಂದ ಐದು ಕಾರ್ಡ್ ಲೆಕ್ಕ.

ಅಲ್ಲೇ ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿಯನ್ನೂ ನೋಡಿ. ಸ್ಯಾಡಲ್ ಅನ್ನುತ್ತಾರೆ. ಅದು ಮರದಿಂದ ಎರಡು ಮೂರು ಮಿಲಿಮೀಟರ್ ಆದರೂ ಮೇಲೆ ಕಾಣಬೇಕು. ಮುಂದೆ ತಗ್ಗಿಸಲು ಆಗ ಜಾಗ ಇರುತ್ತದೆ. ತಂತಿಯೂ ಎತ್ತರ, ಸ್ಯಾಡಲ್ಲೂ ಆಗಲೇ ಮರದ ಮಟ್ಟಕ್ಕೆ ಇಳಿದಿದೆ ಅಂದರೆ ನೆಕ್ ಕೂರಿಸಿದ ಕೋನವೇ ಕೆಟ್ಟಿದೆ. ಅಂಥದ್ದನ್ನು ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.

*ಮೂರನೆಯದು, ನಟ್.* ತಲೆಯ ಹತ್ತಿರ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ ಇದು. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 1ನೇ ಫ್ರೆಟ್‌ನ ಮೇಲೆ ಎಷ್ಟು ಸಂದಿ ಇದೆ ನೋಡಿ. ಕೂದಲೆಳೆಯಷ್ಟು ಇದ್ದರೆ ಸಾಕು. ವಿಸಿಟಿಂಗ್ ಕಾರ್ಡ್ ಸಲೀಸಾಗಿ ನುಗ್ಗಿದರೆ ನಟ್ ಎತ್ತರ ಅಂತ ಅರ್ಥ. ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಒಂದು ಸ್ವರಗುಂಪು) ಹಿಡಿಯಲಾಗದೆ ಅಳುವ ಮಕ್ಕಳಲ್ಲಿ ಎಷ್ಟೋ ಜನರ ತೊಂದರೆ ಇಲ್ಲಿದೆ. ಕೇಪೋ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿದ ಕೂಡಲೇ ನುಡಿಸುವುದು ಸುಲಭವಾಯಿತು ಅಂದರೂ ಇದೇ ಸುಳಿವು.

*ನಾಲ್ಕನೆಯದು, ನೆಕ್ ನೇರ ಇದೆಯಾ?* ದಪ್ಪ ತಂತಿಯನ್ನು ಎಡಗೈಯಿಂದ 1ನೇ ಫ್ರೆಟ್‌ನಲ್ಲಿ, ಬಲಗೈಯಿಂದ 14ನೆಯದರಲ್ಲಿ ಒತ್ತಿ. ಈಗ ಆ ತಂತಿಯೇ ನಿಮ್ಮ ಸ್ಕೇಲು. 7ನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದಿ ಇದ್ದರೆ ಸರಿ. ಸಂದಿಯೇ ಇಲ್ಲದಿದ್ದರೆ ನೆಕ್ ತೀರಾ ನೆಟ್ಟಗಿದೆ ಅಥವಾ ಹಿಂದಕ್ಕೆ ಬಾಗಿದೆ. ಒಂದು ಮಿಲಿಮೀಟರಿನಷ್ಟಿದ್ದರೆ ಮುಂದಕ್ಕೆ ಬಾಗಿದೆ. ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಲೋಹದ ಸಲಾಕೆ ಇದ್ದರೆ ತಿರುಗಿಸಿ ಸರಿಮಾಡಬಹುದು, ಇದೆಯಾ ಅಂತ ಕೇಳಿ. ನೈಲಾನ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಉಕ್ಕಿನ ತಂತಿಯದರಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ. ತಿರುಚಿಕೊಂಡ ನೆಕ್ ಮಾತ್ರ ಯಾವ ರಾಡಿಗೂ ಬಗ್ಗುವುದಿಲ್ಲ.

*ಐದನೆಯದು, ಎಲ್ಲ ಸ್ವರ ಕೇಳಿ.* ಆರು ತಂತಿ, ಹನ್ನೆರಡು ಫ್ರೆಟ್, ಒಟ್ಟು 72 ಸ್ವರ. ಒಂದೊಂದನ್ನೂ ಒತ್ತಿ ಮೀಟಿ. ಐದು ನಿಮಿಷದ ಕೆಲಸ. ನಿಮಗೆ ನುಡಿಸಲು ಬರಬೇಕಾಗಿಲ್ಲ. ಎಲ್ಲಾದರೂ ಝರ್ ಅಂದರೆ, ಅಥವಾ ಸ್ವರ ಹುಟ್ಟಿದ ಕೂಡಲೇ ಸತ್ತರೆ ಗುರುತು ಹಾಕಿಕೊಳ್ಳಿ. ಒಂದೇ ಕಡೆ ಆದರೆ ಒಂದು ಫ್ರೆಟ್ ಎದ್ದಿದೆ, ಕೂರಿಸಬಹುದು. ನಾಲ್ಕೈದು ಕಡೆ ಆದರೆ ಬೇಡ. ಹಾಗೇ ನೆಕ್‌ನ ಎರಡೂ ಅಂಚಿನ ಮೇಲೆ ಅಂಗೈ ಎಳೆಯಿರಿ. ಫ್ರೆಟ್ ತುದಿಗಳು ಚುಚ್ಚಬಾರದು. ಇದನ್ನು ಚಳಿಗಾಲ ಕಳೆದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಇನ್ನೂ ಜಾಗ್ರತೆಯಾಗಿ ನೋಡಿ. ಒಣ ಹವೆಗೆ ಮರ ಕುಗ್ಗಿ ತುದಿಗಳು ಹೊರಗೆ ಬರುತ್ತವೆ.

*ಆರನೆಯದು, ಸ್ವರ ನಿಲ್ಲುತ್ತದೆಯಾ?* ಆ್ಯಪ್ ತೆರೆದು ಖಾಲಿ ತಂತಿ ಮೀಟಿ, ಮುಳ್ಳು ನಡುವೆ ಇರಲಿ. ಈಗ ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅದೇ ಅಕ್ಷರ ಬರಬೇಕು, ಮುಳ್ಳು ಮತ್ತೆ ನಡುವೆಯೇ ನಿಲ್ಲಬೇಕು. ಐದು ಸೆಂಟ್ (ಶ್ರುತಿಯ ವ್ಯತ್ಯಾಸಕ್ಕೆ ಆ್ಯಪ್ ತೋರಿಸುವ ಅಳತೆ) ಆಚೆ ಈಚೆ ಪರವಾಗಿಲ್ಲ. ಹದಿನೈದು ದಾಟಿದರೆ ಆ ಗಿಟಾರ್ ಮೇಲಿನ ಫ್ರೆಟ್‌ಗಳಲ್ಲಿ ಯಾವತ್ತೂ ಅಪಶ್ರುತಿ. ಕಲಿಯುವವರು ಇದನ್ನು ತಮ್ಮ ಕಿವಿಯ ದೋಷ ಅಂದುಕೊಂಡುಬಿಡುತ್ತಾರೆ.

ಕೊನೆಗೆ ತಲೆಯಲ್ಲಿ ತಂತಿ ಬಿಗಿಮಾಡುವ ಕೀಗಳನ್ನು ತಿರುಗಿಸಿ ನೋಡಿ. ಸಮನಾಗಿ ತಿರುಗಬೇಕು, ಜಾರಬಾರದು. ಹೊಸ ತಂತಿ ಮೊದಲ ಕೆಲವು ದಿನ ಹಿಗ್ಗಿ ಶ್ರುತಿ ಇಳಿಯುತ್ತದೆ. ಅದನ್ನು ಕೀಯ ದೋಷ ಅಂತ ತಿಳಿಯಬೇಡಿ.

ಹಂತ 5: ಹಳೆಯ ಗಿಟಾರ್ ಸಿಕ್ಕರೆ

ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಓದು ಮುಗಿಸಿ ಹೊರಡುವವರು ಮಾರುತ್ತಾರೆ, ಕೇಳಿ ನೋಡಿ. ಮೇಲಿನ ಎಲ್ಲ ಪರೀಕ್ಷೆಯ ಜೊತೆ ಇನ್ನು ಮೂರು ನೋಡಬೇಕು. ಬ್ರಿಡ್ಜ್‌ನ ಹಿಂದಿನ ಅಂಚಿನ ಕೆಳಗೆ ಹಾಳೆ ತೂರಿಸಿ. ಒಳಗೆ ನುಗ್ಗಿದರೆ ಬ್ರಿಡ್ಜ್ ಏಳುತ್ತಿದೆ. ತಲೆ ಮತ್ತು ನೆಕ್ ಸೇರುವ ಜಾಗವನ್ನು ಹಿಂದಿನಿಂದ ಬೆಳಕಿಗೆ ಹಿಡಿದು ಬಿರುಕು ಇದೆಯಾ ನೋಡಿ, ಬಿದ್ದ ಗಿಟಾರ್ ಮುರಿಯುವುದು ಅಲ್ಲೇ. ಮೂರನೆಯದು, ರಂಧ್ರಕ್ಕೆ ಮೂಗಿಟ್ಟು ವಾಸನೆ ನೋಡಿ. ಬೂಷ್ಟಿನ ವಾಸನೆ ಗಾಢವಾಗಿದ್ದರೆ ಆ ಗಿಟಾರ್ ಮಳೆಗಾಲಗಳನ್ನು ಹಾಗೇ ಕಳೆದಿದೆ. ಒಳಗಿನ ಅಂಟಿನ ಮೇಲೆ ನನಗಂತೂ ನಂಬಿಕೆ ಬರುವುದಿಲ್ಲ.

ಹಂತ 6: ಮೊದಲ ವಾರದಲ್ಲೇ ಸೆಟಪ್

ಕೊಂಡ ಅಂಗಡಿಯಲ್ಲೇ ಮಾಡಿಕೊಡುತ್ತಾರಾ ಅಂತ ದುಡ್ಡು ಕೊಡುವ ಮುಂಚೆ ಕೇಳಿ. ನಟ್ ಮತ್ತು ಟ್ರಸ್ ರಾಡ್ ಕೆಲಸವನ್ನು ತಿಳಿದವರಿಗೇ ಬಿಡಿ. ರಾಡನ್ನು ಜೋರಾಗಿ ತಿರುಗಿಸಿ ಕಿತ್ತರೆ ಅಲ್ಲಿಗೆ ನೆಕ್ ಹೋಯಿತು. ತಿಳಿದವರೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸುವುದಿಲ್ಲ.

ಸ್ಯಾಡಲ್ ತಗ್ಗಿಸುವುದನ್ನು ಮಾತ್ರ ಮನೆಯಲ್ಲೇ ಮಾಡಬಹುದು, ತಾಳ್ಮೆ ಇದ್ದರೆ. ಮೊದಲು ಬದಲಿ ಸ್ಯಾಡಲ್ ಒಂದು ತಂದಿಟ್ಟುಕೊಳ್ಳಿ. ತಂತಿ ಸಡಿಲಿಸಿ ಪಟ್ಟಿಯನ್ನು ಹೊರತೆಗೆಯಿರಿ. ಅಂಟಿಸಿದ್ದರೆ ಕೀಳಲು ಹೋಗಬೇಡಿ. ಲೆಕ್ಕ ಹೀಗಿದೆ: 12ನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ಸವೆಯಬೇಕು. ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಗಾಜಿನ ಮೇಲೆ ಉಪ್ಪು ಕಾಗದ ಹಾಸಿ, ಪಟ್ಟಿಯ ತಳವನ್ನು ಉಜ್ಜಿ. ಮೇಲಿನ ದುಂಡು ಭಾಗ ಮುಟ್ಟಬೇಡಿ. ಗೆರೆಗೆ ಸ್ವಲ್ಪ ಮುಂಚೆಯೇ ನಿಲ್ಲಿಸಿ, ಹಾಕಿ, ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಉಜ್ಜಿದ್ದು ವಾಪಸ್ ಬರುವುದಿಲ್ಲ. ತಳ ಸಮತಟ್ಟಾಗಿರದಿದ್ದರೆ ನಾದ ಮಂಕಾಗುತ್ತದೆ.

ಹಂತ 7: ನಮ್ಮ ಮಳೆಗಾಲಕ್ಕೆ ತಯಾರಿ

ಮಲೆನಾಡಿನಲ್ಲಿ ಆಷಾಢದ ಹೊತ್ತಿಗೆ ಬಾಗಿಲು ಚೌಕಟ್ಟಿಗೆ ಬಿಗಿಯಾಗುತ್ತದೆ, ಅಲ್ವಾ? ಗಿಟಾರಿಗೂ ಆಗುವುದು ಅದೇ. ಮರ ತೇವ ಕುಡಿದು ಮೇಲ್ಹಲಗೆ ಉಬ್ಬುತ್ತದೆ. ಅದರ ಜೊತೆ ಬ್ರಿಡ್ಜ್ ಮೇಲೇಳುತ್ತದೆ, ತಂತಿಯೂ ಏರುತ್ತದೆ. ಮಾರ್ಚಿನಲ್ಲಿ ಮೂರು ಕಾರ್ಡಿಗೆ ಸರಿಯಿದ್ದದ್ದು ಜುಲೈನಲ್ಲಿ ನಾಲ್ಕಕ್ಕೆ ಹತ್ತಿರವಾಗಬಹುದು. "ಇತ್ತೀಚೆಗೆ ಯಾಕೋ ಬೆರಳು ನೋವು" ಅಂತ ಮಗು ಹೇಳಿದರೆ ಗದರಿಸುವ ಮುಂಚೆ ಅಳೆದು ನೋಡಿ.

ಗಿಟಾರಿಗೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55. ಅಳೆಯುವ ಚಿಕ್ಕ ಡಿಜಿಟಲ್ ಮೀಟರ್ ಕಡಿಮೆ ದುಡ್ಡಿಗೆ ಸಿಗುತ್ತದೆ, ಬ್ಯಾಗಿನೊಳಗೆ ಹಾಕಿಡಿ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ತೂಗು ಹಾಕಬೇಡಿ, ಅದರಲ್ಲೂ ಹೊರಗೋಡೆಗೆ. ಮಳೆ ಹೊಡೆತಕ್ಕೆ ಆ ಗೋಡೆ ತೇವ ಹಿಡಿದಿರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಅಲ್ಲಿ ಒಣಗಿ ಬಿರಿಯುತ್ತದೆ. ಮಲಗುವ ಕೋಣೆಯ ಒಳಗೋಡೆಯ ಬದಿಯಲ್ಲಿ, ಬ್ಯಾಗಿನ ಜಿಪ್ ಪೂರ್ತಿ ಎಳೆದು ನಿಲ್ಲಿಸಿಡಿ.

ಬ್ಯಾಗಿನೊಳಗೆ ಬಟ್ಟೆಯ ಚೀಲದಲ್ಲಿ ಇನ್ನೂರು ಮುನ್ನೂರು ಗ್ರಾಂ ಸಿಲಿಕಾ ಜೆಲ್ ಹಾಕಿ. ಕಿತ್ತಳೆ ಬಣ್ಣದ ಹರಳು ತೇವ ಕುಡಿದಾಗ ಹಸಿರಾಗುತ್ತದೆ. ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ, ಇಲ್ಲದಿದ್ದರೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ನವೆಂಬರ್ ದಾಟಿ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಮೀಟರ್ ನೋಡಿ. 45ಕ್ಕಿಂತ ಕೆಳಗಿಳಿದಿದ್ದರೆ ಸಿಲಿಕಾ ತೆಗೆದುಬಿಡಿ.

ಇನ್ನೊಂದು ಕೆಲಸ. ಗಿಟಾರ್ ತಂದ ದಿನವೇ ಒಂದು ಚೀಟಿಯಲ್ಲಿ ತಾರೀಖು, ದಪ್ಪ ತಂತಿಯ ಎತ್ತರ, ಸಣ್ಣ ತಂತಿಯ ಎತ್ತರ ಬರೆದು ಬ್ಯಾಗಿನ ಜೇಬಿನಲ್ಲಿಡಿ. ಜುಲೈ 1ಕ್ಕೆ ಒಂದು ಸಲ, ಫೆಬ್ರವರಿ 1ಕ್ಕೆ ಒಂದು ಸಲ ಅಳೆದು ಅದರ ಕೆಳಗೇ ಬರೆಯಿರಿ. ರಿಪೇರಿಗೆ ಕೊಡುವಾಗ ಆ ಚೀಟಿಯನ್ನೂ ಜೊತೆಗೆ ಕೊಡಿ.